ಬಕಲ್ ಉಳಿಸಿಕೊಳ್ಳಿ, ಪಟ್ಟಿಯನ್ನಲ್ಲ

ಮೂಡಿಗೆರೆಯ ತೋಟದ ಮನೆಯಲ್ಲಿರುವ ನಿಮ್ಮ 1968ರ ಫೋಕ್ಸ್‌ವ್ಯಾಗನ್ ಬೀಟಲ್‌ನ ಮೂಲ ಸೀಟ್ ಬೆಲ್ಟ್‌ಗಳನ್ನು ತೊಳೆದು ಮತ್ತೆ ಬಳಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಳಸಬೇಡಿ. ಮಳೆಗಾಲದ ಬೂಷ್ಟು ತೊಳೆದರೆ ಹೋಗುತ್ತದೆ. ಬಿಸಿಲಿಗೆ ಸತ್ವ ಕಳೆದುಕೊಂಡ ನೂಲು ಮರಳಿ ಗಟ್ಟಿಯಾಗುವುದಿಲ್ಲ. ಹಾಸನದಲ್ಲಿರುವ ನನ್ನ ಹಳೆಯ ಕಾರಿನ ಪಟ್ಟಿಯೂ ನೋಡಲು ಚೆನ್ನಾಗಿಯೇ ಇತ್ತು. ಬಕಲ್ ಬಳಿ ಮಡಚಿ ಹಿಡಿದಾಗ ಅಂಚಿನಿಂದ ಬೂದಿಯಂಥ ಪುಡಿ ಉದುರಿತು, ಹೊಲಿಗೆಯ ದಾರ ಉಗುರಿಗೇ ಕಿತ್ತು ಬಂತು. ಅಂಥದನ್ನು ನಂಬಿ ಚಾರ್ಮಾಡಿ ಘಾಟಿ ಇಳಿಯುವುದುಂಟೇ?

ಬ್ಲೀಚ್, ಬಣ್ಣ ಎರಡೂ ಬೇಡ. ಸೀಟ್ ಕವರ್ ಹೊಲಿಯುವವರಿಂದ ಹೊಸ ಪಟ್ಟಿ ಹೊಲಿಸುವುದಂತೂ ಬೇಡವೇ ಬೇಡ. ಅಪಘಾತದ ಎಳೆತ ತಡೆಯುವ ದಾರವೂ ಹೊಲಿಗೆಯೂ ಬೇರೆಯೇ. ಪ್ರಮಾಣೀಕೃತವಾದ ಹೊಸ ಬೆಲ್ಟ್ ತರಿಸಿ, ಸೊಂಟವನ್ನೂ ಭುಜವನ್ನೂ ಹಿಡಿಯುವ, ಮೂರು ಬಿಂದುಗಳದ್ದೇ ಇರಲಿ. ಅದು 1959ರಲ್ಲೇ ವೋಲ್ವೋ ಕಾರಿನಲ್ಲಿ ಬಂದಿತ್ತು, ನಿಮ್ಮ ಬೀಟಲ್‌ನ ಕಾಲಕ್ಕೆ ಹೊರಗಿನದೇನಲ್ಲ. ತಾನಾಗಿ ಸುತ್ತಿಕೊಳ್ಳದ, ಕೈಯಲ್ಲೇ ಉದ್ದ ಸರಿಪಡಿಸುವ ಬಗೆಯದು ಹಳೆಯ ನೋಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೂಲ ಬಕಲ್‌ಗಳನ್ನು ಒರೆಸಿ ಜೋಪಾನವಾಗಿ ಎತ್ತಿಡಿ.

ಬೆಲ್ಟ್‌ಗಿಂತ ಹೆಚ್ಚು ಗಮನ ಬೇಕಾದದ್ದು ಅದನ್ನು ಬಿಗಿಯುವ ಜಾಗಕ್ಕೆ. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟಿ ನೋಡಿ. ಮಂದವಾದ ಸದ್ದು ಬಂದರೆ ಒಳಗೆ ತುಕ್ಕಿರಬಹುದು. ಮೊದಲು ವೆಲ್ಡಿಂಗ್, ಆಮೇಲೆ ಬೆಲ್ಟ್. ಸೀಟ್ ಬೆಲ್ಟ್‌ಗೆ ಸಾಮಾನ್ಯವಾಗಿ ಬಳಸುವುದು 7/16 ಇಂಚಿನ, ಇಂಚಿಗೆ 20 ಸುತ್ತಿನ ಬೋಲ್ಟ್. ಮಿಲಿಮೀಟರ್ ಅಳತೆಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ಮೊದಲ ಎರಡು ಮೂರು ಸುತ್ತನ್ನು ಬೆರಳಿನಲ್ಲೇ ತಿರುಗಿಸಿ, ಸಲೀಸಾಗಿ ಹೋದರೆ ಮಾತ್ರ ಸ್ಪ್ಯಾನರ್ ಹಾಕಿ.