ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ ನಂಪೈಯ ಅರೇಯಲ್ಲಿ (ಸಂಖ್ಯೆಗಳ ಪಟ್ಟಿಯಲ್ಲಿ) ಭಾಗಲಬ್ಧ, ಶೇಷ ಎರಡೂ ಒಟ್ಟಿಗೆ ಪಡೆಯುವುದು ಹೇಗೆ?

ಇದಕ್ಕೆ ಸುಮ್ನೆ ಲೂಪ್ ಬರೆಯಬೇಡಿ. ನಂಪೈಯ ಡಿವ್‌ಮಾಡ್ (divmod) ಫಂಕ್ಷನ್ ಒಂದೇ ಸಲಕ್ಕೆ ಎರಡು ಅರೇ ಕೊಡುತ್ತದೆ: ಮೊದಲನೆಯದು ಭಾಗಲಬ್ಧ, ಎರಡನೆಯದು ಶೇಷ.

ಜಾಸ್ತಿ ಗೊಂದಲ ಆಗುವುದು ಮೈನಸ್ ಸಂಖ್ಯೆ ಬಂದಾಗ. 7 ಮತ್ತು -7 ಇರುವ ಅರೇಯನ್ನು 3ರಿಂದ ಭಾಗಿಸಿ ನೋಡಿ. ಭಾಗಲಬ್ಧ 2 ಮತ್ತು -3, ಶೇಷ 1 ಮತ್ತು 2 ಬರುತ್ತದೆ. ಎರಡನೇ ಶೇಷ -1 ಆಗಬೇಕಿತ್ತು ಅಲ್ವಾ ಅನಿಸಬಹುದು. ಆದರೆ ನಂಪೈ ಭಾಗಲಬ್ಧವನ್ನು ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ, ಹಾಗಾಗಿ ಶೇಷಕ್ಕೆ ಭಾಜಕದ ಚಿಹ್ನೆಯೇ ಬರುತ್ತದೆ. ತಾಳೆ ನೋಡಿ: 3 × (-3) + 2 = -7. ಸಿ ಭಾಷೆಯ ಹಾಗೆ -1 ಬೇಕಿದ್ದರೆ ನಂಪೈಯದೇ ಎಫ್‌ಮಾಡ್ (fmod) ಫಂಕ್ಷನ್ ಬಳಸಿ.

ಭಾಜಕದಲ್ಲಿ ಸೊನ್ನೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಪೂರ್ಣಾಂಕದ ಅರೇ ಆದರೆ ನಂಪೈ ಬರೀ ಎಚ್ಚರಿಕೆ ಕೊಟ್ಟು, ಆ ಜಾಗದ ಭಾಗಲಬ್ಧ, ಶೇಷ ಎರಡಕ್ಕೂ 0 ತುಂಬಿ ಮುಂದೆ ಹೋಗುತ್ತದೆ.