ಹಾನ್ ದೊಡ್ಡವನೇ, ಹೇಳಿಕೊಟ್ಟವನೇ?

ಪತ್ರ: ಕಳೆದ ಸಂಚಿಕೆಯ ಅಲ್ಬೇನಿಯನ್ ಭಾಷೆಯ ಲೇಖನದಲ್ಲಿ ಜರ್ಮನ್ ವಿದ್ವಾಂಸ ಹಾನ್‌ಗೆ ಎರಡೇ ಸಾಲು, ಅಲ್ಲಿಯವನೇ ಆದ ಕ್ರಿಸ್ತೊಫೊರಿಧಿಗೆ ಎರಡು ಪುಟ! ಹೊರಗಿನವರು ಬಾರದಿದ್ದರೆ ಇಂಥ ಭಾಷೆಗಳಿಗೆ ನಿಘಂಟೇ ಇರುತ್ತಿರಲಿಲ್ಲ. ಕಿಟ್ಟೆಲರನ್ನು ಮರೆತಿರಾ?
– ಓದುಗರು, ಶಿರಸಿ

ಉತ್ತರ: ಹಾನ್‌ಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡೋಣ. ಕಾನೂನು ಓದಿ, ಆಸ್ಟ್ರಿಯದ ಉಪ ಕಾನ್ಸಲ್ ಆಗಿ ಈಗಿನ ಗ್ರೀಸಿನ ಇಯೋನಿನಾಕ್ಕೆ ಬಂದ ಯೋಹಾನ್ ಗೆಯೋರ್ಗ್ ಫಾನ್ ಹಾನ್ 1854ರಲ್ಲಿ ಯೇನಾದಲ್ಲಿ ಅಚ್ಚು ಹಾಕಿಸಿದ ‘ಅಲ್ಬನೇಸಿಶೆ ಸ್ಟೂಡಿಯನ್’ನಲ್ಲಿ ಇತಿಹಾಸ, ವ್ಯಾಕರಣ, ಹಾಡು, ನಿಘಂಟು ಎಲ್ಲವೂ ಉಂಟು. ದೊಡ್ಡ ಕೆಲಸವೇ.

ಆದರೆ ‘ನಿಘಂಟೇ ಇರುತ್ತಿರಲಿಲ್ಲ’ ಎಂದಿರಲ್ಲ, ಅದನ್ನು ಬಿಡುವ ಹಾಗಿಲ್ಲ. ಫ್ರಾಂಗ್ ಬಾರ್ಧಿ ಎಂಬ ಅಲ್ಬೇನಿಯದವನೇ ಆದ ಪಾದ್ರಿ 1635ರಲ್ಲೇ ರೋಮಿನಲ್ಲಿ ಲ್ಯಾಟಿನ್–ಅಲ್ಬೇನಿಯನ್ ನಿಘಂಟು ಪ್ರಕಟಿಸಿದ್ದ. ಹಾನ್ ಬಂದದ್ದು ಇನ್ನೂರು ವರ್ಷ ಕಳೆದ ಮೇಲೆ. ಬಂದವನಿಗೆ ಭಾಷೆ ಹೇಳಿಕೊಟ್ಟು, ನಿಘಂಟಿಗೆ ನೆರವಾದವರಲ್ಲಿ ಒಬ್ಬ ಇಯೋನಿನಾದ ಜೋಸಿಮಾ ಶಾಲೆಯ ವಿದ್ಯಾರ್ಥಿ, ಕೊಸ್ತಾಂದಿನ್ ಕ್ರಿಸ್ತೊಫೊರಿಧಿ.

ಅವನ ಊರು ಎಲ್ಬಸಾನ್, ಶ್ಕುಂಬಿನ್ ನದಿಯ ಬದಿ. ನದಿಯ ಉತ್ತರಕ್ಕೆ ಗೆಗ್ ಉಪಭಾಷೆ, ದಕ್ಷಿಣಕ್ಕೆ ತೊಸ್ಕ್. ಮುಂದೆ ಬ್ರಿಟಿಷ್ ಬೈಬಲ್ ಸೊಸೈಟಿಗಾಗಿ ಹೊಸ ಒಡಂಬಡಿಕೆಯನ್ನು ಅವನು ಎರಡಕ್ಕೂ ತಂದ: ಗೆಗ್ 1872ರಲ್ಲಿ, ತೊಸ್ಕ್ 1879ರಲ್ಲಿ. ಮೊದಲನೆಯದು ಲ್ಯಾಟಿನ್ ಲಿಪಿಯಲ್ಲಿ, ಎರಡನೆಯದು ಗ್ರೀಕ್ ಲಿಪಿಯಲ್ಲಿ. ದಕ್ಷಿಣದ ಆರ್ಥೊಡಾಕ್ಸ್ ಕ್ರೈಸ್ತರು ಓದು ಕಲಿಯುತ್ತಿದ್ದದ್ದೇ ಗ್ರೀಕ್ ಶಾಲೆಗಳಲ್ಲಿ; ಬೇರೆ ಲಿಪಿಯ ಪುಸ್ತಕ ಕೊಟ್ಟರೆ ಓದುವವರು ಯಾರು?

ಗ್ರೀಕ್ ಲಿಪಿಯ ಫಜೀತಿಯನ್ನು ತುಸು ನೋಡಿ. ಈಗಿನ ಗ್ರೀಕಿನಲ್ಲಿ ‘ಬೀಟಾ’ ಬರೆದರೆ ಓದುವುದು ‘ವ’ ಎಂದು. ‘ಬ’ ಬೇಕಾದರೆ ‘ಮ್ಯೂ’, ‘ಪೈ’ ಎರಡನ್ನೂ ಒಟ್ಟಿಗೆ ಬರೆಯಬೇಕು. ಆದರೆ ಅಲ್ಬೇನಿಯನ್ನಿನಲ್ಲಿ ‘ಬ’ ಬೇರೆ, ‘ಂಬ’ ಬೇರೆ. ಒಂದೇ ಜೋಡಿ ಎರಡಕ್ಕೂ ಆದರೆ ಓದುವವನಿಗೆ ತಿಳಿಯುವುದು ಹೇಗೆ? ‘ದ’, ‘ಂದ’ಗಳದ್ದೂ ಇದೇ ಪಾಡು. ‘ಶ’ಕ್ಕಂತೂ ಅಕ್ಷರವೇ ಇಲ್ಲ. ಹಾಗಾಗಿ ಹೆಚ್ಚುವರಿ ಅಕ್ಷರಗಳನ್ನೂ ಗುರುತುಗಳನ್ನೂ ಸೇರಿಸಿಕೊಂಡೇ ಬರೆಯಬೇಕಾಯಿತು.

ಹಾನ್‌ನ ಕಿವಿಗಿಂತ ಊಹೆ ಚುರುಕಾಗಿತ್ತು ಎಂದರೆ ಬೇಸರಿಸಬೇಡಿ. ಎಲ್ಬಸಾನಿನ ವರ್ತಕರು ಲೆಕ್ಕ ಬರೆಯುತ್ತಿದ್ದ ಲಿಪಿಯೊಂದನ್ನು ಕಂಡು, ಅದರ ಮೂಲವನ್ನು ಫಿನೀಷಿಯಕ್ಕೆ ಒಯ್ದು ಮುಟ್ಟಿಸಿದ. ಮುಂದಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ.

ಕ್ರಿಸ್ತೊಫೊರಿಧಿಯ ಅಲ್ಬೇನಿಯನ್–ಗ್ರೀಕ್ ನಿಘಂಟಿನ ಗತಿ ಕೇಳಿ. ಅವನು ತೀರಿಕೊಂಡದ್ದು 1895ರಲ್ಲಿ. ನಿಘಂಟು ಅಥೆನ್ಸಿನಲ್ಲಿ ಹೊರಬಂದದ್ದು 1904ರಲ್ಲಿ, ಅದೂ ಗ್ರೀಕ್ ಲಿಪಿಯಲ್ಲಿ. ನಾಲ್ಕೇ ವರ್ಷಕ್ಕೆ, ಅಲ್ಬೇನಿಯನ್ನಿನ ಲಿಪಿ ಗೊತ್ತುಮಾಡಲು ಸೇರಿದ ಮೊನಾಸ್ತಿರ್ ಸಮಾವೇಶ ಲ್ಯಾಟಿನ್ ಲಿಪಿಯತ್ತ ವಾಲಿತು. ಹೊಸ ಲಿಪಿ ಕಲಿತ ಮಕ್ಕಳಿಗೆ ತಮ್ಮದೇ ಭಾಷೆಯ ನಿಘಂಟು ಓದಲು ಬಾರದಂತಾಯಿತು. ಅಲೆಕ್ಸಾಂದರ್ ಜುವಾನಿ ಅದನ್ನು ಈಗಿನ ಲಿಪಿಗೆ ತಂದದ್ದು 1961ರಲ್ಲಿ, ತಿರಾನಾದಲ್ಲಿ. ಹಾನ್‌ನ ಪುಸ್ತಕಕ್ಕೆ ಈ ಕಾಟವೇ ಇರಲಿಲ್ಲ. ಜರ್ಮನ್ ಬಲ್ಲ ವಿದ್ವಾಂಸರು ಎಲ್ಲೆಡೆ ಇದ್ದರು. ಅಲ್ಬೇನಿಯನ್ ಅಧ್ಯಯನದ ‘ಪಿತಾಮಹ’ರು ಹುಟ್ಟುವುದು ಹೀಗೂ ಉಂಟು.

ಕಿಟ್ಟೆಲರನ್ನು ಮರೆಯುವವರು ಯಾರು? ಆದರೆ 1894ರ ನಿಘಂಟಿಗೆ ಮೊದಲು, 1872ರಲ್ಲಿ, ಅವರು ಮಂಗಳೂರಿನಲ್ಲಿ ಪ್ರಕಟಿಸಿದ್ದು ನಮ್ಮ ಕೇಶಿರಾಜನ ವ್ಯಾಕರಣವನ್ನು. ಕೂತು ಅರ್ಥ ಹೇಳಿದ ಪಂಡಿತರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಇಂದಿಗೂ ಜಾನಪದ ಸಂಗ್ರಹಗಳ ರಕ್ಷಾಪುಟದಲ್ಲಿ ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿ. ರಾತ್ರಿಯಿಡೀ ಹಾಡಿದ ಅಜ್ಜಿ ಮಾತ್ರ ‘ವಕ್ತೃ: ಒಬ್ಬ ವೃದ್ಧೆ’.

ಅಂದ ಹಾಗೆ, ಪತ್ರದ ಜೊತೆ ನೀವು ಕಳಿಸಿದ ಹನ್ನೊಂದು ಹಾಡುಗಳು ಬಲು ಸೊಗಸಾಗಿವೆ. ಹಾಡಿದವರ ಹೆಸರು, ಊರು ಒಂದಕ್ಕೂ ಇಲ್ಲ. ಬರೆದು ಕಳಿಸಿ, ಪ್ರಕಟಿಸೋಣ.

– ಸಂ.