ಟೀ ಶರ್ಟ್ ಇರಲಿ, ತಿರುವಿನಲ್ಲಿ ಯಾರಿದ್ದಾರೆ?

ಪ್ರಶ್ನೆ: ನಮ್ಮ ಬಡಾವಣೆಯವರೆಲ್ಲ ಸೇರಿ ಮೊದಲ ಸಲ 10 ಕಿಲೋಮೀಟರ್ ಓಟ ಇಟ್ಟುಕೊಂಡಿದ್ದೇವೆ. ಟೀ ಶರ್ಟ್, ಪದಕ ಎಲ್ಲ ಆಗಿದೆ. ಈಗ ದೂರದ್ದೇ ಜಗಳ. ಒಬ್ಬರ ವಾಚು 10.2 ಅನ್ನುತ್ತದೆ, ಇನ್ನೊಬ್ಬರದು 9.9. ಯಾರನ್ನು ನಂಬೋಣ? ಬೇರೆ ಏನಾದರೂ ಮರೆತಿದ್ದೇವಾ?

ಉತ್ತರ: ಇಬ್ಬರನ್ನೂ ನಂಬಬೇಡಿ. ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ವಾಚಿನ ಜಿಪಿಎಸ್ ಲೆಕ್ಕ ತಪ್ಪುತ್ತದೆ. ದಾಖಲೆಗೆ ಸೇರುವ ಓಟಗಳ ದಾರಿಯನ್ನು ಇವತ್ತಿಗೂ ಸೈಕಲ್‌ನಲ್ಲೇ ಅಳೆಯುತ್ತಾರೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ, ಚಕ್ರ ಎಷ್ಟು ತಿರುಗಿತು ಅಂತ ಎಣಿಸುವ ಸಣ್ಣ ಯಂತ್ರ ಹಾಕಿ, ಮೊದಲೇ ಸ್ಟೀಲ್ ಟೇಪಿನಲ್ಲಿ ಅಳೆದ ನೇರ ರಸ್ತೆಯಲ್ಲಿ ಓಡಿಸಿ, ಎಷ್ಟು ಎಣಿಕೆಗೆ ಎಷ್ಟು ಮೀಟರ್ ಅಂತ ಲೆಕ್ಕ ಹಿಡಿದುಕೊಂಡು, ಆಮೇಲೆ ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲೇ ಸಾಗುತ್ತಾರೆ. ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ 1 ಮೀಟರ್ ಸೇರಿಸುತ್ತಾರೆ, ಅಂದರೆ 10 ಕಿಲೋಮೀಟರಿಗೆ 10,010 ಮೀಟರ್. ಓಡುವವರು ತಿರುವಿನಲ್ಲಿ ಒಂಚೂರು ಹೊರಗೆ ಹೋಗಿಯೇ ಹೋಗುತ್ತಾರೆ, ಹಾಗಾಗಿ ಸರಿಯಾದ ದಾರಿಯಲ್ಲೂ ವಾಚು ಜಾಸ್ತಿ ತೋರಿಸಬಹುದು. ನಿಮ್ಮದು ಖುಷಿಗೆ ಓಡುವ ಓಟ ತಾನೇ? ಸುಮ್ನೆ 'ಸುಮಾರು 10' ಅಂತ ಹಾಕಿ.

ಮರೆತಿರುವುದು ಬಹುಶಃ ತಿರುವುಗಳನ್ನು. ಬಾಣದ ಗುರುತು ಸಾಲದು, ಪ್ರತಿ ತಿರುವಿಗೂ ಒಬ್ಬರು ನಿಲ್ಲಲೇಬೇಕು. ಮುಂದಿನವನು ದಾರಿ ತಪ್ಪಿದರೆ ಹಿಂದಿನವರೆಲ್ಲ ಅವನ ಹಿಂದೆಯೇ ಹೋಗುತ್ತಾರೆ! ಟೀ ಶರ್ಟ್ ಹಂಚಲು ಜನ ನಾ ಮುಂದು ತಾ ಮುಂದು ಅಂತ ಬರುತ್ತಾರೆ, ಬೆಳಗಿನ ಜಾವ ಎದ್ದು ದೂರದ ಮೂಲೆಯಲ್ಲಿ ನಿಲ್ಲಲು ಬರುವುದಿಲ್ಲ, ಅಲ್ವಾ? ಹಾಗಾಗಿ ಸ್ವಯಂಸೇವಕರು ಬೇಕಾದಷ್ಟಕ್ಕಿಂತ ಜಾಸ್ತಿಯೇ ಇರಲಿ.

ಕೊನೆಯವರನ್ನೂ ನೋಡಿ. ಮುಂದಿನವರು ನೀರು ತಲೆಗೆ ಸುರಿದುಕೊಂಡು ಹೋದರೆ, ಬಿಸಿಲೇರಿದ ಮೇಲೆ ಬರುವವರಿಗೆ ಖಾಲಿ ಕ್ಯಾನ್ ಸಿಗುತ್ತದೆ. ಕೊನೆಯ ಓಟಗಾರನ ಹಿಂದೆ ಒಬ್ಬರು ಸೈಕಲ್‌ನಲ್ಲಿ ಬರಲಿ, ಅವರು ದಾಟುವ ತನಕ ಯಾರೂ ಜಾಗ ಬಿಡಬಾರದು.

ಪೊಲೀಸ್ ಅನುಮತಿ, ಶೌಚಾಲಯ ನಿಮಗೇ ಗೊತ್ತಿರುತ್ತದೆ. ಆದರೆ ಮುಚ್ಚಿದ ರಸ್ತೆಯೊಳಗೆ ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ಗೊತ್ತುಮಾಡಿ. ಎದೆಯ ನಂಬರಿನ ಹಿಂದೆ ಮನೆಯವರ ಫೋನ್ ಬರೆಸಿ. ಗುರಿ ಮುಟ್ಟಿದವರನ್ನು ಫೋಟೋಗೆ ಅಂತ ಅಲ್ಲೇ ನಿಲ್ಲಿಸಬೇಡಿ: ಓಡಿ ತಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಿ ಬೀಳಬಹುದು. ನಾಲ್ಕು ಹೆಜ್ಜೆ ನಡೆಸಿ, ಪದಕ ಆಮೇಲೆ ಕೊಡಿ.

ಇನ್ನೊಂದು. ಗುಡುಗು ಮಿಂಚು ಬಂದರೆ ಓಟ ನಿಲ್ಲಿಸಿ ಅಂತ ಹೇಳುವವರು ಯಾರು? ಒಬ್ಬರ ಹೆಸರು ಇವತ್ತೇ ನಿಗದಿ ಮಾಡಿ. ಆಗ ಹಣ ವಾಪಸ್ ಇದೆಯೋ ಇಲ್ಲವೋ, ಅದನ್ನೂ ನೋಂದಣಿ ಫಾರಂನಲ್ಲೇ ಬರೆದುಬಿಡಿ.